ತನಿಯಿಂದ ಶುರುಮಾಡಿ: ಎಂಬ್ರಿಯೋ ತಂಡದ ಬೆಂಗಳೂರು ಅಧ್ಯಾಯ

ಬೆಂಗಳೂರಿನ ರಾಕ್ ಸಂಗೀತದ ಚರಿತ್ರೆ ಹೇಳಲು ಹೊರಟವರು ಸಾಮಾನ್ಯವಾಗಿ ಅರಮನೆ ಮೈದಾನಕ್ಕೇ ಕರೆದುಕೊಂಡು ಹೋಗುತ್ತಾರೆ. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ. ಇನ್ನೂ ಹಿಂದಕ್ಕೆ ಹೋಗುವವರು ಬ್ರಿಗೇಡ್ ರಸ್ತೆಯ ಪಬ್ಬುಗಳನ್ನೂ ದಂಡು ಪ್ರದೇಶದ ಗಿಟಾರ್ ಹುಡುಗರನ್ನೂ ನೆನೆಯುತ್ತಾರೆ. ಲಾಲ್‌ಬಾಗ್ ದಾಟಿ ಈಚೆಗೆ ಈ ಕಥೆ ಬರುವುದೇ ಇಲ್ಲ. ಬಸವನಗುಡಿ, ಜಯನಗರ, ಬನಶಂಕರಿ, ಪದ್ಮನಾಭನಗರ, ಅಲ್ಲಿಂದ ಮುಂದೆ ಸಿಗುವ ಚಿಕ್ಕಲಸಂದ್ರ, ಉತ್ತರಹಳ್ಳಿ: ಇವೆಲ್ಲ ರಾಮನವಮಿ ಕಚೇರಿಯ, ಪಾನಕ ಕೋಸಂಬರಿಯ, ಸಂಜೆ ಹೊತ್ತಿನ ಮೃದಂಗ ಪಾಠದ ಸೀಮೆ ಎಂದು ಊರೇ ತೀರ್ಮಾನಿಸಿಬಿಟ್ಟಿದೆ.

ತಮಾಷೆಯೆಂದರೆ, ಯುರೋಪಿನ ಪ್ರಯೋಗಶೀಲ ರಾಕ್ ರೆಕಾರ್ಡುಗಳ ಮೇಲೆ 'ಕರ್ನಾಟಕ' ಎಂಬ ಹೆಸರು ಅಚ್ಚಾದದ್ದು ಆ ಮೃದಂಗ ಪಾಠದ ದಾರಿಯಲ್ಲೇ. ಗಿಟಾರು ಹಿಡಿದ ಬೆಂಗಳೂರಿಗರಿಗೆ ಎಷ್ಟೋ ಕಾಲ ಸಿಗದ ಜಾಗ ಘಟ, ಖಂಜಿರ, ಮೋರ್ಸಿಂಗ್ ಹಿಡಿದವರಿಗೆ 1980ರ ಹೊತ್ತಿಗೇ ಸಿಕ್ಕಿತ್ತು. ಆ ಜಾಗ ಕೊಟ್ಟದ್ದು ಜರ್ಮನಿಯ ಮ್ಯೂನಿಕ್ ನಗರದ ಎಂಬ್ರಿಯೋ ಎಂಬ ತಂಡ.

ಎಂಬ್ರಿಯೋ ಕೇಳಬೇಕೆಂದು ಹೊರಟವರು ಮೊದಲು ಎಡವುವುದು ಅದರ ರಾಶಿಯಲ್ಲಿ. ಐವತ್ತಕ್ಕೂ ಹೆಚ್ಚು ವರ್ಷ, ಮೂವತ್ತಕ್ಕೂ ಹೆಚ್ಚು ಆಲ್ಬಂ, ಬಂದು ಹೋದ ನೂರಾರು ವಾದಕರು. ಒಂದು ಆಲ್ಬಂ ಕೇಳಿ ಮೆಚ್ಚಿ ಮುಂದಿನದನ್ನು ಹಾಕಿದರೆ ಬೇರೆಯದೇ ತಂಡವೇನೋ ಎನಿಸುತ್ತದೆ. ಒಂದರಲ್ಲಿ ಮೊರಾಕ್ಕೊ, ಇನ್ನೊಂದರಲ್ಲಿ ನೈಜೀರಿಯಾದ ಯೊರುಬಾ ಚರ್ಮವಾದ್ಯ, ಮತ್ತೊಂದರಲ್ಲಿ ಚೀನಾ. ಯುರೋಪಿನ ರಾಕ್ ಪಂಡಿತರು ಕಾಲಾನುಕ್ರಮದಲ್ಲೇ ಕೇಳಿ ಎನ್ನುತ್ತಾರೆ: 1970ರ 'ಓಪಲ್', 1971ರ 'ಎಂಬ್ರಿಯೋಸ್ ರಾಖೆ', ಹೀಗೆ. ಆದಿತಾಳ ಕೈಯಲ್ಲಿ ಹಾಕಿ ಬೆಳೆದ ಕಿವಿಗೆ ಈ ಸಲಹೆ ಅಷ್ಟಾಗಿ ಒಗ್ಗದು. ಅಂಥವರಿಗೆ ಇನ್ನೊಂದು ಬಾಗಿಲಿದೆ, ಅದು ತೆರೆಯುವುದು ಬೆಂಗಳೂರಿನ ಕಡೆಗೆ.

ಮೊದಲು ತಂಡದ ಹುಟ್ಟು. ಕ್ರಿಸ್ಟಿಯನ್ ಬುರ್ಖಾರ್ಡ್ ಎಂಬ ಡ್ರಮ್ಮರ್, ಸ್ಯಾಕ್ಸೊಫೋನ್ ಮತ್ತು ಪಿಟೀಲು ಎರಡನ್ನೂ ನುಡಿಸುತ್ತಿದ್ದ ಎಡ್ಗರ್ ಹಾಫ್‌ಮನ್ ಮೊದಲಾದವರು ಸೇರಿ 1969ರಲ್ಲಿ ಮ್ಯೂನಿಕ್‌ನಲ್ಲಿ ಎಂಬ್ರಿಯೋ ಕಟ್ಟಿದರು. ಬುರ್ಖಾರ್ಡ್ ಜಾಝ್ ಹಿನ್ನೆಲೆಯವರು. ಡ್ರಮ್ಸ್ ಜೊತೆ ವೈಬ್ರಫೋನ್ ಕೂಡ ಅವರ ಕೈವಶ. ಲೋಹದ ಪಟ್ಟಿಗಳ ಮೇಲೆ ಕೋಲಿನಿಂದ ಬಾರಿಸುವ, ನಮ್ಮ ಜಲತರಂಗದ ದೂರದ ನೆಂಟನಂಥ ವಾದ್ಯ ಅದು. ಯುದ್ಧಾನಂತರದ ಜರ್ಮನಿಯ ಆ ತಲೆಮಾರಿಗೆ ಅಮೆರಿಕ, ಇಂಗ್ಲೆಂಡಿನ ರಾಕ್ ಅನ್ನು ನಕಲು ಮಾಡುವುದು ಸಾಕಾಗಿತ್ತು. ಕ್ಯಾನ್, ಅಮೋನ್ ಡ್ಯೂಲ್, ಟ್ಯಾಂಜರೀನ್ ಡ್ರೀಮ್ ತಮ್ಮ ತಮ್ಮ ದಾರಿ ಹುಡುಕಿಕೊಂಡವು. ಎಂಬ್ರಿಯೋ ಹುಡುಕಿದ ದಾರಿ ಅಕ್ಷರಶಃ ರಸ್ತೆಯೇ ಆಗಿತ್ತು. 1972ರಲ್ಲಿ ಗಯಟೆ ಸಂಸ್ಥೆಯ ನೆರವಿನಿಂದ ಉತ್ತರ ಆಫ್ರಿಕಾ ಸುತ್ತಿ ಬಂದ ಮೇಲೆ ಅವರ ಸಂಗೀತ ಒಂದೆಡೆ ನಿಲ್ಲಲೇ ಇಲ್ಲ.

ವ್ಯಾಪಾರದ ಲೆಕ್ಕದಲ್ಲಿ ಇದು ತಲೆನೋವು. 1970ರಿಂದ 1973ರೊಳಗೆ ಓರ್, ಯುನೈಟೆಡ್ ಆರ್ಟಿಸ್ಟ್ಸ್, ಬ್ರೇನ್, ಬಿಎಎಸ್‌ಎಫ್ ಎಂದು ನಾಲ್ಕು ಕಂಪನಿಗಳ ಮುದ್ರೆ ಅವರ ರೆಕಾರ್ಡುಗಳ ಮೇಲೆ ಕಾಣುತ್ತದೆ. 1976ರಲ್ಲಿ ಎಂಬ್ರಿಯೋ, ಟೋನ್ ಶ್ಟೈನೆ ಶೆರ್ಬೆನ್ ಮುಂತಾದ ತಂಡಗಳು ಕೂಡಿ ಏಪ್ರಿಲ್ ಎಂಬ ತಮ್ಮದೇ ರೆಕಾರ್ಡ್ ಕಂಪನಿ ಕಟ್ಟಿದವು. ಹೆಸರಿನ ತಕರಾರು ಬಂದು ಅದು ಶ್ನೇಬಾಲ್ ಆಯಿತು. ಬೆಂಗಳೂರಿನ ಲಯವಾದ್ಯಗಳು ರಾಕ್ ರೆಕಾರ್ಡಿಗೆ ಏರಿದ್ದು ಈ ಸ್ವಂತ ಕಂಪನಿಯ ಕಾಲದಲ್ಲಿ. ಮಾರಾಟವಾದೀತೇ ಎಂದು ಕೇಳುವ ಸಾಹುಕಾರರು ಇದ್ದಿದ್ದರೆ ಖಂಜಿರಕ್ಕೆ ಅಲ್ಲಿ ಅಷ್ಟು ನಿಮಿಷ ಸಿಗುತ್ತಿತ್ತೆಂದು ನಂಬುವುದು ಕಷ್ಟ.

ಇತ್ತ ಬೆಂಗಳೂರಿನಲ್ಲಿ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಆರಂಭಿಸಿದ್ದರು. ಹೆಸರಿನಲ್ಲಿ ಕಾಲೇಜು ಇದ್ದರೂ ಅದು ಪದವಿ ಕೊಡುವ ಕಟ್ಟಡಕ್ಕಿಂತ ಹೆಚ್ಚಾಗಿ ಪಾಠಶಾಲೆ ಮತ್ತು ವಾದ್ಯವೃಂದ. ಅದರ ಹೊಸತನ ಇವತ್ತು ತಟ್ಟನೆ ಹೊಳೆಯಲಿಕ್ಕಿಲ್ಲ. ಕರ್ನಾಟಕ ಸಂಗೀತ ಕಚೇರಿಯಲ್ಲಿ ಮೃದಂಗ ಪಕ್ಕವಾದ್ಯ, ಘಟ ಖಂಜಿರಗಳು ಉಪಪಕ್ಕವಾದ್ಯ. ಎರಡೂವರೆ ಗಂಟೆ ಗಾಯಕರ ಬೆನ್ನಿಗೆ ನಿಂತವರಿಗೆ ಕೊನೆಯಲ್ಲಿ ಹದಿನೈದು ನಿಮಿಷ ತನಿ ಆವರ್ತನ, ಅದು ಶುರುವಾದದ್ದೇ ಸಭೆಯ ಒಂದಷ್ಟು ಮಂದಿ ಕಾಫಿಗೆ ಏಳುತ್ತಾರೆ. ಮಣಿಯವರು ಆ ಹದಿನೈದು ನಿಮಿಷವನ್ನೇ ನಡುಮನೆಗೆ ತಂದು ಕೂರಿಸಿದರು. ಲಯವೇ ಪ್ರಧಾನ, ರಾಗ ಅದರ ಜೊತೆಗಾರ. ಬೆಂಗಳೂರಿನಲ್ಲಿ ಈ ಯೋಚನೆಗೆ ಮುಂದೆ ಬೇರೆ ಬೆಂಬಲಿಗರೂ ಸಿಕ್ಕರು. ಬೆಂಗಳೂರು ಕೆ. ವೆಂಕಟರಾಂ ಅವರ ಪರ್ಕಸಿವ್ ಆರ್ಟ್ಸ್ ಸೆಂಟರ್ ಹುಟ್ಟಿದ್ದು 1981ರಲ್ಲಿ.

ಕಾಲೇಜಿನ ಇನ್ನೊಂದು ಆಸ್ತಿ ಕೊನ್ನಕ್ಕೋಲ್. ತಕಿಟ, ತಕದಿಮಿ ಎಂದು ಸೊಲ್ಲುಗಳನ್ನು ಬಾಯಲ್ಲಿ ನುಡಿಸುವ ಈ ವಿದ್ಯೆ ಹಿಂದೆ ಕಚೇರಿಯ ವೇದಿಕೆಯಲ್ಲಿ ಸ್ವತಂತ್ರ ಸ್ಥಾನ ಪಡೆದಿತ್ತು, ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಪಾಠದ ಕೋಣೆಗೆ ಸರಿದಿತ್ತು. ಮಣಿಯವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ ಅದನ್ನು ರಾಗದಷ್ಟೇ ಸಲೀಸಾಗಿ ಹಾಡತೊಡಗಿದರು. ಸ್ವರದಿಂದ ಸೊಲ್ಲಿಗೆ, ಸೊಲ್ಲಿನಿಂದ ಸ್ವರಕ್ಕೆ ಅವರು ದಾಟುವಾಗ ಗೆರೆ ಎಲ್ಲಿತ್ತೆಂದು ಗೊತ್ತಾಗುವುದಿಲ್ಲ. ಭಾಷೆ ಬಾರದ ಜರ್ಮನ್ ಕೇಳುಗರಿಗೆ ಇದಕ್ಕಿಂತ ಒಳ್ಳೆಯ ಪ್ರವೇಶ ಇನ್ನೇನಿದ್ದೀತು? ಅರ್ಥವೇ ಬೇಡದ ಸಾಹಿತ್ಯ ಅದು.

ಈ ಎರಡು ಲೋಕಗಳ ನಡುವೆ ಓಡಾಡಿದವರಲ್ಲಿ ಮುಖ್ಯರು ಚಾರ್ಲಿ ಮರಿಯಾನೊ. 1923ರಲ್ಲಿ ಬಾಸ್ಟನ್‌ನ ಇಟಾಲಿಯನ್ ಕುಟುಂಬದಲ್ಲಿ ಹುಟ್ಟಿದ ಈ ಸ್ಯಾಕ್ಸೊಫೋನ್ ವಾದಕ ಸ್ಟ್ಯಾನ್ ಕೆಂಟನ್ ವಾದ್ಯವೃಂದದಲ್ಲಿ ಹೆಸರು ಮಾಡಿ, 1963ರಲ್ಲಿ ಚಾರ್ಲ್ಸ್ ಮಿಂಗಸ್‌ರ ಪ್ರಖ್ಯಾತ ಆಲ್ಬಂ ಒಂದರಲ್ಲಿ ನುಡಿಸಿದವರು. 1960ರ ದಶಕದಲ್ಲಿ ಮಲೇಷ್ಯಾ ರೇಡಿಯೋದ ವಾದ್ಯವೃಂದಕ್ಕೆ ಕಲಿಸಲು ಹೋದಾಗ ಅಲ್ಲಿನ ತಮಿಳರ ನಡುವೆ ನಾಗಸ್ವರ ಕೇಳಿ ಮರುಳಾದರು. ಮುಂದೆ ಅದನ್ನು ಕಲಿಯಲೆಂದೇ ಭಾರತಕ್ಕೆ ಬಂದರು. ನಮ್ಮಲ್ಲಿ ಮದುವೆ ಮನೆಯ ವಾಲಗ ಎಂದು ಕಿವಿ ಮುಚ್ಚಿಕೊಳ್ಳುವವರಿದ್ದಾರೆ, ಈ ಮನುಷ್ಯ ಅದಕ್ಕಾಗಿ ಸಮುದ್ರ ದಾಟಿದ.

ಇಲ್ಲಿ ಕದ್ರಿ ಗೋಪಾಲನಾಥರನ್ನು ನೆನೆಯದೆ ಮುಂದೆ ಹೋಗಲಾಗದು. ತಂದೆಯಿಂದ ನಾಗಸ್ವರ ಕಲಿತ ದಕ್ಷಿಣ ಕನ್ನಡದ ಹುಡುಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದರ ಹಿಂದೆ ಬಿದ್ದ. ಸ್ಯಾಕ್ಸೊಫೋನ್ ಹಿಡಿದಿದ್ದ ಬಾಸ್ಟನ್ನಿನ ಮರಿಯಾನೊ ನಾಗಸ್ವರದ ಹಿಂದೆ ಬಿದ್ದರು. ಇಬ್ಬರಿಗೂ ಬೇಕಾದದ್ದು ಒಂದೇ: ಉಸಿರಿನಿಂದ ಸ್ವರವನ್ನು ಬಾಗಿಸುವ ಸ್ವಾತಂತ್ರ್ಯ.

ಬಾಗುವ ಸ್ವರದ ಮಾತು ಸುಮ್ಮನೆ ಬಂದದ್ದಲ್ಲ. ಎಂಬ್ರಿಯೋದ ಭಾರತೀಯ ರೆಕಾರ್ಡುಗಳು ಎಲ್ಲಿ ಗೆಲ್ಲುತ್ತವೆ, ಎಲ್ಲಿ ಮುಗ್ಗರಿಸುತ್ತವೆ ಎಂಬುದು ಇಲ್ಲೇ ಇದೆ. ಬುರ್ಖಾರ್ಡ್‌ರ ವೈಬ್ರಫೋನಿನ ಪಟ್ಟಿಗಳು ಒಮ್ಮೆ ಶ್ರುತಿಯಾದರೆ ಮುಗಿಯಿತು, ಗಮಕ ಅಲ್ಲಿ ಹುಟ್ಟದು. ತೋಡಿಯ ಗಾಂಧಾರವನ್ನು ಅದರ ಮೇಲೆ ಬಾರಿಸಿದರೆ ಬರುವುದು ತೋಡಿಯ ನಕಾಶೆ, ತೋಡಿಯಲ್ಲ. ಆದ್ದರಿಂದ ರಾಗದ ಕೆಲಸ ರಮಾಮಣಿಯವರ ಕಂಠಕ್ಕೂ ಮರಿಯಾನೊರ ಸ್ಯಾಕ್ಸೊಫೋನಿಗೂ ಬಿದ್ದಾಗಲೆಲ್ಲ ಸಂಗೀತ ಉಸಿರಾಡುತ್ತದೆ. ಜರ್ಮನ್ ವಾದ್ಯಗಳು ರಾಗದ ಹಿಂದೆ ಓಡಿದಾಗ ಏದುಸಿರು ಬಿಡುತ್ತದೆ.

ಲಯದ ವಿಷಯದಲ್ಲಿ ಇಂಥ ತೊಡಕಿರಲಿಲ್ಲ. ಆದಿತಾಳದ ಒಂದು ಆವರ್ತ ಎಂಟು ಅಕ್ಷರ, ಅಕ್ಷರಕ್ಕೆ ನಾಲ್ಕರಂತೆ ಮೂವತ್ತೆರಡು ಮಾತ್ರೆ. ರಾಕ್ ಡ್ರಮ್ಮರ್ ಬಾರಿಸುವ ನಾಲ್ಕು ಪೆಟ್ಟಿನ ಎರಡು ಬಾರ್‌ಗಳೂ ಅಷ್ಟೇ. ಅಳತೆ ಒಂದೇ, ತುಂಬುವ ಬಗೆ ಬೇರೆ. ಡ್ರಮ್ಮರ್ ಎರಡನೆಯ, ನಾಲ್ಕನೆಯ ಪೆಟ್ಟಿಗೆ ಒತ್ತು ಕೊಟ್ಟು ಸುತ್ತುತ್ತಲೇ ಇರುತ್ತಾನೆ. ಮೃದಂಗದವರು ಅದರ ಮೇಲೆ ಲೆಕ್ಕ ಕಟ್ಟುತ್ತಾರೆ. ಐದು ಮಾತ್ರೆಯ ಒಂದು ಸೊಲ್ಲು, ಎರಡು ಮಾತ್ರೆ ಬಿಡುವು, ಮತ್ತೆ ಐದು, ಮತ್ತೆ ಎರಡು, ಮತ್ತೆ ಐದು: ಒಟ್ಟು ಹತ್ತೊಂಬತ್ತು. ಆವರ್ತದಲ್ಲಿ ಹದಿಮೂರು ಮಾತ್ರೆ ಕಳೆದ ಮೇಲೆ ಇದನ್ನು ಎತ್ತಿಕೊಂಡರೆ ಸರಿಯಾಗಿ ಸಮಕ್ಕೆ ಬಂದು ಬೀಳುತ್ತದೆ. ಆ ಹತ್ತೊಂಬತ್ತು ಮಾತ್ರೆಗಳ ಹೊತ್ತು ರಾಕ್ ಕೇಳುಗನಿಗೆ ತಾಳ ತಪ್ಪಿತೆಂಬ ಭಯ. ತಾಳ ಹಾಕುತ್ತಾ ಕೂತವರಿಗೆ ಮುಕ್ತಾಯ ಬರುತ್ತಿದೆಯೆಂಬ ಖುಷಿ. ಎಂಬ್ರಿಯೋ ಕೇಳಲು ದಕ್ಷಿಣ ಬೆಂಗಳೂರಿನ ಕಿವಿಗೆ ಹುಟ್ಟಿನಿಂದ ಬಂದ ಅನುಕೂಲ ಇದು.

ಇನ್ನೊಂದು ಕಾರಣವೂ ಇದೆ. ಸಾಮಾನ್ಯ ರಾಕ್ ಹಾಡು ಕಾರ್ಡ್ ಬದಲಿಸುತ್ತಾ ಸಾಗುತ್ತದೆ, ಅಲ್ಲಿ ಆಧಾರ ಷಡ್ಜವೇ ಜಾರುವುದರಿಂದ ರಾಗಕ್ಕೆ ನಿಲ್ಲಲು ನೆಲವಿಲ್ಲ. ಎಂಬ್ರಿಯೋದವರು ಕೋಲ್ಟ್ರೇನ್, ಮೈಲ್ಸ್ ಡೇವಿಸ್‌ರ ಜಾಝ್ ಕೇಳಿ, ಉತ್ತರ ಆಫ್ರಿಕಾ ಸುತ್ತಿ, ಒಂದೇ ಸ್ವರಕೇಂದ್ರದ ಮೇಲೆ ಹತ್ತು ಹದಿನೈದು ನಿಮಿಷ ಕೂರುವುದನ್ನು ಮೊದಲೇ ಕಲಿತಿದ್ದರು. ತಂಬೂರಿ ಶ್ರುತಿ ಹಿಡಿದು ಕೂತವರಿಗೆ ಅದು ಅಪರಿಚಿತವೆನಿಸುವ ಮಾತೇ ಇಲ್ಲ.

1978ರ ಶರತ್ಕಾಲದಲ್ಲಿ ತಂಡ ಬಸ್ಸೇರಿತು. ವಾದ್ಯ, ಮೈಕು, ಮಕ್ಕಳು ಮರಿ, ಕ್ಯಾಮೆರಾದವರು ಎಲ್ಲರೊಂದಿಗೆ ಜರ್ಮನಿಯಿಂದ ಟರ್ಕಿ, ಇರಾನ್, ಆಫ್ಘಾನಿಸ್ತಾನ, ಪಾಕಿಸ್ತಾನ ಹಾಯ್ದು ಭಾರತದವರೆಗೆ ನೆಲದ ಮೇಲಿನ ಪ್ರಯಾಣ. ದಾರಿಯುದ್ದಕ್ಕೂ ಸ್ಥಳೀಯ ವಾದಕರೊಡನೆ ನುಡಿಸಿ ಮುದ್ರಿಸಿಕೊಂಡರು. ವೆರ್ನರ್ ಪೆನ್ಜೆಲ್ ಅದನ್ನು 'ವಾಗಾಬುಂಡೆನ್ ಕರವಾನೆ' ಎಂಬ ಚಿತ್ರವಾಗಿಸಿದರು. 'ಎಂಬ್ರಿಯೋಸ್ ರೈಸೆ' ಎಂಬ ಜೋಡಿ ಎಲ್‌ಪಿ 1979ರಲ್ಲಿ ಬಂತು. ಹೊತ್ತು ಹೇಗಿತ್ತೆಂದರೆ, 1979ರ ಫೆಬ್ರುವರಿಯಲ್ಲಿ ಇರಾನಿನಲ್ಲಿ ಕ್ರಾಂತಿ ಮುಗಿದು ಆಡಳಿತ ಬದಲಾಯಿತು, ಆ ವರ್ಷದ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಆಫ್ಘಾನಿಸ್ತಾನಕ್ಕೆ ನುಗ್ಗಿತು. ಹಿಪ್ಪಿಗಳ ಕಾಲದಿಂದ ತೆರೆದಿದ್ದ ಆ ರಸ್ತೆ ಮುಚ್ಚಿಯೇ ಹೋಯಿತು. ಒಂದು ವರ್ಷ ತಡಮಾಡಿದ್ದರೆ ಈ ರೆಕಾರ್ಡು ಇರುತ್ತಿರಲಿಲ್ಲ.

ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಮತ್ತು ಮರಿಯಾನೊ ಜೊತೆಗೂಡಿದ ಎಂಬ್ರಿಯೋದ 'ಲೈಫ್' ಶ್ನೇಬಾಲ್ ಮುದ್ರೆಯಲ್ಲಿ ಹೊರಬಂದದ್ದು 1980ರ ಸುಮಾರಿಗೆ. ಅದಾದ ಮೇಲೆ ಎಂಬ್ರಿಯೋವೇ ಒಡೆಯಿತು. ಊವೆ ಮ್ಯುಲ್‌ರಿಖ್ ಮೊದಲಾದವರು 1981ರಲ್ಲಿ ಹೊರಬಂದು ಡಿಸಿಡೆಂಟೆನ್ ಎಂಬ ತಂಡ ಕಟ್ಟಿದರು. ಹೊಸ ತಂಡದ ಮೊದಲ ಆಲ್ಬಂ, 1982ರ 'ಜರ್ಮನಿಸ್ತಾನ್', ಅದರಲ್ಲೂ ಜೊತೆಗಾರರು ಬೆಂಗಳೂರಿನ ಇದೇ ಕಾಲೇಜಿನವರು. ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರ ಮನೆಗೆಲ್ಲ ಹೋಗಿ ಊಟ ಮಾಡಿ ಬರುವ ಸೋದರಮಾವನ ಸ್ಥಾನ ಮಣಿ ದಂಪತಿಗೆ ಸಿಕ್ಕಿದಂತಿದೆ. ಡಿಸಿಡೆಂಟೆನ್ ಮುಂದೆ ಮೊರಾಕ್ಕೊಗೆ ತೆರಳಿ, 1984ರ 'ಸಹಾರಾ ಎಲೆಕ್ಟ್ರಿಕ್' ಆಲ್ಬಂನಿಂದ ಸ್ಪೇನ್‌ನಲ್ಲಿ ಜನಪ್ರಿಯವಾಯಿತು. 'ವರ್ಲ್ಡ್ ಮ್ಯೂಸಿಕ್' ಎಂಬ ಹಣೆಪಟ್ಟಿ ರೆಕಾರ್ಡ್ ಅಂಗಡಿಗಳಿಗೆ ಬಂದದ್ದು ಅದಾಗಿ ಕೆಲ ವರ್ಷಕ್ಕೆ.

ಈ ಎಲ್ಲ ಓಡಾಟದ ಅತ್ಯುತ್ತಮ ಫಲ ಮಾತ್ರ ರಾಕ್ ಕಂಪನಿಯಿಂದ ಬರಲಿಲ್ಲ. ಎಂಬ್ರಿಯೋ ಹುಟ್ಟಿದ 1969ರಲ್ಲೇ, ಅದೇ ಮ್ಯೂನಿಕ್‌ನಲ್ಲಿ, ಮಾನ್‌ಫ್ರೆಡ್ ಐಕರ್ ಇಸಿಎಂ ಕಂಪನಿ ಆರಂಭಿಸಿದ್ದರು. ಎಂಬ್ರಿಯೋ ಗದ್ದಲ, ಬೆವರು, ಬಸ್ಸಿನ ಧೂಳು. ಇಸಿಎಂ ಒಂದು ತಂತಿ ಮಿಡಿದರೆ ಅದರ ಅನುರಣನ ಮುಗಿಯುವವರೆಗೂ ಕಾಯುವ ಶಿಸ್ತು. 1983ರ ಫೆಬ್ರುವರಿಯಲ್ಲಿ ಲುಡ್ವಿಗ್ಸ್‌ಬರ್ಗ್‌ನ ಸ್ಟುಡಿಯೋದಲ್ಲಿ ಮರಿಯಾನೊ ಮತ್ತು ಕಾಲೇಜಿನವರು ಸೇರಿ 'ಜ್ಯೋತಿ' ಮುದ್ರಿಸಿದರು. ರಮಾಮಣಿಯವರ ಗಾಯನ ಮತ್ತು ತಂಬೂರಿ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್‌ರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್‌ರ ಖಂಜಿರ, ನಡುವೆ ಕೊನ್ನಕ್ಕೋಲ್. ಡ್ರಮ್ಸ್ ಇಲ್ಲ, ಗಿಟಾರ್ ಇಲ್ಲ. ಮರಿಯಾನೊ ಸೊಪ್ರಾನೊ ಸ್ಯಾಕ್ಸೊಫೋನ್ ಮತ್ತು ಕೊಳಲು ಹಿಡಿದು, ಇವರ ಮನೆಗೆ ಅತಿಥಿಯಾಗಿ ಬಂದವರಂತೆ ನುಡಿಸುತ್ತಾರೆ.

ಎಂಬ್ರಿಯೋ ಕೇಳಲು ಶುರುಮಾಡಬೇಕಾದ ಜಾಗ ಈ 'ಜ್ಯೋತಿ'. ಅದು ಎಂಬ್ರಿಯೋ ರೆಕಾರ್ಡೇ ಅಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಆದರೆ ಆರು ರಚನೆಗಳ ಈ ಆಲ್ಬಂ ರಮಾಮಣಿಯವರ ಒಂಟಿ ಕಂಠದಿಂದ ಆರಂಭವಾಗಿ 'ವಂದನಂ', 'ವರ್ಷಿಣಿ', 'ಸಪ್ತರ್ಷಿ' ಎಂದು ಹೋಗುವಾಗ, ಎಂಬ್ರಿಯೋದವರು ಬೆಂಗಳೂರಿನವರಲ್ಲಿ ಏನು ಕಂಡಿದ್ದರೆಂಬುದು ತೆರೆದಿಟ್ಟಂತೆ ಕೇಳುತ್ತದೆ. ಅದು ಕಿವಿಯಲ್ಲಿರುವಾಗಲೇ 'ಲೈಫ್' ಹಾಕಬೇಕು. ಅದೇ ಬಳಗ, ಹಿಂದೆ ರಾಕ್ ತಂಡದ ಭಾರ. ಎಲ್ಲಿ ಡ್ರಮ್ಸ್ ಮೃದಂಗಕ್ಕೆ ದಾರಿ ಬಿಡುತ್ತದೆ, ಎಲ್ಲಿ ಅಡ್ಡ ಬರುತ್ತದೆ ಎಂದು ಹೋಲಿಸುತ್ತಾ ಕೇಳಿದರೆ ಮುಂದಿನ ಮೂವತ್ತು ಆಲ್ಬಂಗಳನ್ನು ಕೇಳುವ ಬಗೆ ತಾನಾಗಿ ಸಿದ್ಧವಾಗುತ್ತದೆ.

ಅಲ್ಲಿಂದ ಹಿಂದಕ್ಕೆ ನಡೆದು 1973ರ 'ವಿ ಕೀಪ್ ಆನ್'. ಮರಿಯಾನೊ ಎಂಬ್ರಿಯೋ ಸೇರಿದ್ದ ಹೊಸತು, ನಾಗಸ್ವರ ರಾಕ್ ತಂಡದ ನಡುವೆ ಮೊಳಗುವುದು ಇಲ್ಲಿ. ರೋಮನ್ ಬುಂಕಾ ಟರ್ಕಿಯ ಸಾಜ್ ಎಂಬ ತಂತಿವಾದ್ಯ ನುಡಿಸುತ್ತಾರೆ. ಇಡೀ ರಾಶಿಯಲ್ಲಿ ಹೆಚ್ಚು ಬಿಗಿಯಾದ, ಹೊಸಬರಿಗೂ ಹಿಡಿಸುವ ಆಲ್ಬಂ ಬಹುಶಃ ಇದೇ. 'ಎಂಬ್ರಿಯೋಸ್ ರೈಸೆ' ಹಾಗಲ್ಲ, ಪ್ರವಾಸದ ದಿನಚರಿಯಂತೆ ಅಲ್ಲಲ್ಲಿ ಹೊಳೆದು ಅಲ್ಲಲ್ಲಿ ಎಳೆಯುತ್ತದೆ. ಅದನ್ನು ಒಂದೇ ಪಟ್ಟಿಗೆ ಕೇಳಿ ಮುಗಿಸುವ ಹಟ ಬೇಡ. ಜಾಝ್ ಇಷ್ಟಪಡುವವರು ಪಿಯಾನೊ ವಾದಕ ಮಾಲ್ ವಾಲ್ಡ್ರನ್ ಇರುವ 'ರಾಕ್‌ಸೆಷನ್'ಗೆ ಹೋಗಬಹುದು. 'ಓಪಲ್' ಎಷ್ಟೇ ಪ್ರಸಿದ್ಧವಾದರೂ ಈ ದಾರಿಯಲ್ಲಿ ಕೊನೆಗೆ ಬರುವಂಥದ್ದು. ಅಲ್ಲಿರುವುದು ಇನ್ನೂ ಮನೆ ಬಿಟ್ಟು ಹೊರಡದ ಎಂಬ್ರಿಯೋ.

ಬೆಂಗಳೂರಿನಿಂದ ಅತ್ತ ಹೋಗಿ ಅಲ್ಲೇ ಉಳಿದವರೂ ಇದ್ದಾರೆ. ಮದ್ರಾಸಿನಲ್ಲಿ ಹುಟ್ಟಿದ ರಮೇಶ್ ಶೋತಂ 1970ರ ದಶಕದಲ್ಲಿ ಹ್ಯೂಮನ್ ಬಾಂಡೇಜ್ ಎಂಬ ಭಾರತೀಯ ರಾಕ್ ತಂಡದ ಡ್ರಮ್ಮರ್. ರಾಕ್ ಬಾರಿಸುತ್ತಿದ್ದವರು ಬೆಂಗಳೂರಿಗೆ ಬಂದು ಮಣಿಯವರ ಬಳಿ ಪಾಠಕ್ಕೆ ಕೂತರು. ಆಮೇಲೆ ಜರ್ಮನಿಗೆ ಹೋಗಿ ಎಂಬ್ರಿಯೋ ಸೇರಿ, ಯುರೋಪಿನ ಜಾಝ್ ವಲಯದಲ್ಲಿ ತವಿಲ್, ಘಟ, ಖಂಜಿರಗಳಿಗೆ ಕಾಯಂ ಕುರ್ಚಿ ಹಾಕಿಸಿದರು. ಲೆಬನಾನಿನ ಊದ್ ವಾದಕ ರಬೀಹ್ ಅಬು ಖಲೀಲ್‌ರ 1992ರ 'ಬ್ಲೂ ಕ್ಯಾಮೆಲ್' ಆಲ್ಬಂನಲ್ಲಿ ಶೋತಂ ಮತ್ತು ಮರಿಯಾನೊ ಇಬ್ಬರೂ ಇದ್ದಾರೆ. 'ಜ್ಯೋತಿ' ಹಿಡಿಸಿದವರಿಗೆ ಅದು ಪಕ್ಕದ ಮನೆಯಷ್ಟೇ ಹತ್ತಿರ.

ರಮಾಮಣಿಯವರು ಲೂಯಿ ಬ್ಯಾಂಕ್ಸ್, ಬ್ರಾಜ್ ಗೊನ್ಸಾಲ್ವಿಸ್‌ರಂಥ ಭಾರತೀಯ ಜಾಝ್ ವಾದಕರ ಜೊತೆಗೂ ಹಾಡಿದರು, ಮರಿಯಾನೊ ಜೊತೆ ಕಾಲೇಜಿನ ಕಚೇರಿಗಳು 1980ರ ದಶಕದ ಕೊನೆಯವರೆಗೂ ಅದರಾಚೆಗೂ ನಡೆದವು. ಮರಿಯಾನೊ 2009ರಲ್ಲಿ ಕಲೋನ್‌ನಲ್ಲಿ ತೀರಿಕೊಂಡರು. ಬುರ್ಖಾರ್ಡ್ 2018ರ ಜನವರಿಯಲ್ಲಿ. ಅದಕ್ಕೂ ಮೊದಲೇ ಅವರಿಗೆ ಪಾರ್ಶ್ವವಾಯು ಬಡಿದಾಗ ಮಗಳು ಮರಿಯಾ ಬುರ್ಖಾರ್ಡ್ ತಂಡದ ಹೊಣೆ ಹೊತ್ತಿದ್ದರು. ಅಪ್ಪನ ವೈಬ್ರಫೋನ್ ಜೊತೆಗೆ ಟ್ರೊಂಬೋನ್ ಕೂಡ ನುಡಿಸುವ ಅವರ ನಾಯಕತ್ವದಲ್ಲಿ 2021ರಲ್ಲಿ 'ಔಫ್ ಔಫ್' ಬಂತು. ಹೊರತಂದದ್ದು ಅಮೆರಿಕದ ಹಿಪ್-ಹಾಪ್ ನಿರ್ಮಾಪಕ ಮ್ಯಾಡ್‌ಲಿಬ್‌ನ ಕಂಪನಿ, ಅಲ್ಲಿಗೆ ಎಂಬ್ರಿಯೋ ಮುದ್ರೆಗಳ ಪಟ್ಟಿಗೆ ಇನ್ನೂ ಒಂದು ಹೆಸರು ಸೇರಿತು.